ಯೆಹೂದಿ ನಿರಾಶ್ರಿತರ ಬಾಲ್ಯಕಥನ: ಪಾಠಾಂತರದ ನೆಲೆಯಿಂದ ಒಂದು ಓದು

ಜಾನಪದ ಅಧ್ಯಯನದಲ್ಲಿ ತೊಡಗಿದ ಯಾರೂ ಇಂದು ಒಂದು ಕಥೆಗೆ ಒಂದೇ ಪಾಠವಿದೆಯೆಂದು ವಾದಿಸಲಾರರು. ಮೂಲಪಾಠವನ್ನು ಅರಸಿ ಹೊರಟ ಫಿನ್ಲೆಂಡಿನ ವಿದ್ವಾಂಸರು ಕಥೆಗಳ ವರ್ಗಸೂಚಿಯನ್ನು ನಮಗೆ ಬಿಟ್ಟುಹೋದರು. ಮೂಲಪಾಠ ಮಾತ್ರ ಅವರ ಕೈಗೆ ಸಿಗಲಿಲ್ಲ. ಹೇಳುವವರು, ಕೇಳುವವರು ಮತ್ತು ಹೇಳುವ ಸಂದರ್ಭ ಬದಲಾದಂತೆ ಕಥೆಯೂ ಬದಲಾಗುತ್ತದೆ. ಹಾಗೆ ಬದಲಾದ ಪ್ರತಿಯೊಂದು ಪಾಠವೂ ತನ್ನ ಸಂದರ್ಭದ ಮಟ್ಟಿಗೆ ಪೂರ್ಣಪಾಠವೇ ಆಗಿರುತ್ತದೆ. ಈ ತಿಳಿವಳಿಕೆಯನ್ನು ಆತ್ಮಕಥನಗಳಿಗೆ ಅನ್ವಯಿಸಲು ಹೊರಟ ಕೂಡಲೇ ಒಂದು ತೊಡಕು ಎದುರಾಗುತ್ತದೆ. ಅಜ್ಜಿಯ ಕಥೆ ಕೇಳುಗನಿಗೆ ಯಾವ ಮಾತನ್ನೂ ಕೊಟ್ಟಿರುವುದಿಲ್ಲ. ಆತ್ಮಕಥನ ಮಾತು ಕೊಟ್ಟಿರುತ್ತದೆ. ಇದು ನಡೆದದ್ದು, ನನಗೇ ನಡೆದದ್ದು ಎಂಬುದು ಆ ಮಾತು. ನಾಜಿಗಳ ನರಮೇಧದಿಂದ ಪಾರಾಗಿ ಪರನಾಡು ಸೇರಿದ ಯೆಹೂದಿ ಮಕ್ಕಳು ಮುಂದೆ ಬೆಳೆದು ಬರೆದ ಬಾಲ್ಯಕಥನಗಳಲ್ಲಿ ಈ ಮಾತಿನ ತೂಕ ಇನ್ನೂ ಹೆಚ್ಚು. ಅಂಥದ್ದೇನೂ ನಡೆದೇ ಇಲ್ಲವೆಂದು ಸಾಧಿಸುವವರು ಇಂದಿಗೂ ಇರುವುದರಿಂದ ಒಂದು ತಾರೀಖು ತಪ್ಪಿದರೂ ಅದು ಎದುರಾಳಿಯ ಕೈಗೆ ಆಯುಧವಾಗುತ್ತದೆ. ಹಾಗಾದರೆ ಇಂಥ ಕಥನದಲ್ಲಿ ಪಾಠಾಂತರಕ್ಕೆ ಎಡೆಯಿದೆಯೆ? ಇದ್ದರೆ ಅದು ಎಲ್ಲಿಯವರೆಗೆ ಪಾಠಾಂತರ, ಎಲ್ಲಿಂದಾಚೆಗೆ ಸುಳ್ಳು? ಈ ಪ್ರಶ್ನೆಯನ್ನು ಕೆಲವು ಪಠ್ಯಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳ ವಿಚಾರ. ನಿರಾಶ್ರಿತ, ವಲಸಿಗ ಎಂಬ ಶಬ್ದಗಳು ನಮಗೆ ಪತ್ರಿಕೆ ಮತ್ತು ಆಡಳಿತದ ಕನ್ನಡದ ಮೂಲಕ ಬಳಕೆಗೆ ಬಂದವು. ಆಡುಮಾತಿನಲ್ಲಿ ಇವೆರಡರ ಕೆಲಸವನ್ನೂ ಮಾಡುತ್ತಿದ್ದ ಹಳೆಯ ಮಾತು ‘ಪರದೇಶಿ’. ಹೊರನಾಡಿನವನು ಎಂಬ ಅರ್ಥದಿಂದ ಹೊರಟ ಈ ಶಬ್ದ ನಮ್ಮ ಹಳ್ಳಿಗಳಲ್ಲಿ ಹಿಂದುಮುಂದಿಲ್ಲದವನು, ಕೇಳುವವರಿಲ್ಲದವನು ಎಂಬ ಅರ್ಥಕ್ಕೆ ಬಂದು ನಿಂತಿದೆ. ತಾಯಿ ಸತ್ತ ಮಗು ಹುಟ್ಟಿದೂರಿನಲ್ಲೇ ಇದ್ದರೂ ‘ಪರದೇಶಿ’ಯಾಗುತ್ತದೆ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಲಾದ ಯೆಹೂದಿ ಪ್ರಾರ್ಥನಾ ಮಂದಿರಕ್ಕೂ ‘ಪರದೇಶಿ ಸಿನಗಾಗ್’ ಎಂದೇ ಹೆಸರು. ಅಲ್ಲಿ ಮಾತ್ರ ಶಬ್ದ ತನ್ನ ಮೊದಲಿನ ಅರ್ಥವನ್ನು ಉಳಿಸಿಕೊಂಡಿದೆ. ಜರ್ಮನಿಯಿಂದ ಓಡಿಬಂದು ಅಮೆರಿಕ ಸೇರಿದ ಚಿಂತಕಿ ಹಾನಾ ಅರೆಂಟ್ ಅವರು 1943ರಲ್ಲಿ ‘ನಾವು ನಿರಾಶ್ರಿತರು’ ಎಂಬ ಪ್ರಬಂಧವನ್ನು ಪ್ರಕಟಿಸಿದರು. ತಮ್ಮವರಿಗೆ ನಿರಾಶ್ರಿತರೆಂದು ಕರೆಸಿಕೊಳ್ಳುವುದು ಹಿಡಿಸುವುದಿಲ್ಲವೆಂದೂ, ಹೊಸದಾಗಿ ಬಂದವರು ಅಥವಾ ವಲಸಿಗರು ಎಂದೇ ತಮ್ಮನ್ನು ಕರೆದುಕೊಳ್ಳುತ್ತಾರೆಂದೂ ಅಲ್ಲಿ ವ್ಯಂಗ್ಯವಾಗಿ ಹೇಳುತ್ತಾರೆ. ತಾನೇ ಬಯಸಿ ಬಂದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಮಾನವಿದೆ. ಆದರೆ ಈ ಎರಡು ಹೆಸರುಗಳ ನಡುವಿನ ಆಯ್ಕೆ ದೊಡ್ಡವರಿಗೆ ಸೇರಿದ್ದು. ಮಗುವಿಗೆ ಹೆಸರನ್ನು ಬೇರೆಯವರು ಇಡುತ್ತಾರೆ. ಕೆಲವೊಮ್ಮೆ ಹೆಸರಿನ ಬದಲು ಸಂಖ್ಯೆಯನ್ನೇ ಕೊರಳಿಗೆ ತೂಗುಹಾಕುತ್ತಾರೆ.

ಲೋರ್ ಸೀಗಲ್ ಅವರ ಕೊರಳಲ್ಲಿ ತೂಗಿದ್ದು 152. ವಿಯೆನ್ನಾದಲ್ಲಿ 1928ರಲ್ಲಿ ಹುಟ್ಟಿದ ಅವರು 1938ರ ಡಿಸೆಂಬರಿನಲ್ಲಿ, ತಮ್ಮ ಹತ್ತನೆಯ ವಯಸ್ಸಿನಲ್ಲಿ, ತಂದೆತಾಯಿಗಳನ್ನು ಬಿಟ್ಟು ರೈಲು ಹತ್ತಿದರು. ಆ ವರ್ಷದ ನವೆಂಬರಿನಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಯೆಹೂದಿಗಳ ಅಂಗಡಿ, ಮನೆ, ಮಂದಿರಗಳ ಮೇಲೆ ದಾಳಿ ನಡೆದಿತ್ತು. ಅದರ ಬೆನ್ನಲ್ಲೇ ಬ್ರಿಟನ್ ಸರ್ಕಾರ ಮಕ್ಕಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲು ಒಪ್ಪಿತು. ಯುದ್ಧ ಆರಂಭವಾಗುವವರೆಗೆ ಸುಮಾರು 10,000 ಮಕ್ಕಳು ಹೀಗೆ ಅಲ್ಲಿಗೆ ತಲುಪಿದರು. ಅವರಲ್ಲಿ ಬಹುಪಾಲು ಮಕ್ಕಳು ಮತ್ತೆ ತಂದೆತಾಯಿಗಳ ಮುಖ ಕಾಣಲಿಲ್ಲ. ಸೀಗಲ್ ಕಂಡರು. ಹೇಗೆ ಕಂಡರೆಂಬುದೇ ನಮ್ಮ ಚರ್ಚೆಗೆ ಮುಖ್ಯವಾದದ್ದು.

ಹಾರ್ವಿಚ್ ಬಂದರಿನ ಸಮೀಪದ ಡೋವರ್‌ಕೋರ್ಟ್ ಶಿಬಿರದಲ್ಲಿ, ಮೈ ಕೊರೆಯುವ ಚಳಿಯಲ್ಲಿ ಕುಳಿತು, ಹುಡುಗಿ ಕಾಗದ ಬರೆಯುತ್ತಾಳೆ. ತಂದೆತಾಯಿಗಳನ್ನು ಹೇಗಾದರೂ ಕರೆಸಿಕೊಳ್ಳಬೇಕೆಂಬುದು ಅವಳಿಗೆ ವಹಿಸಿದ್ದ ಕೆಲಸ. ಹೊರಗೆ ಹಿಮ ಬಿದ್ದಿದೆ. ಹಿಮದ ನಡುವೆ ಒಂದು ಗುಲಾಬಿ ಉಳಿದಿದೆ. ಅದನ್ನು ಕಂಡ ಹುಡುಗಿಗೆ ಇದು ಕಾಗದಕ್ಕೆ ಒದಗುತ್ತದೆಂದು ತಕ್ಷಣ ಹೊಳೆಯುತ್ತದೆ. ಆಸ್ಟ್ರಿಯಾದಲ್ಲಿ ಉಳಿದ ಯೆಹೂದಿಗಳು ಚಳಿಗಾಲಕ್ಕೆ ಸಿಕ್ಕಿ ಉಳಿದ ಈ ಹೂವಿನಂತೆ ಎಂಬ ಹೋಲಿಕೆಯನ್ನು ಅವಳು ಜೋಡಿಸುತ್ತಾಳೆ. ಕಾಗದ ಓದಿದವರ ಮನಸ್ಸು ಕರಗುತ್ತದೆ. ಕೊನೆಗೆ ಮನೆಗೆಲಸದವರ ವೀಸಾದ ಮೇಲೆ ತಂದೆತಾಯಿಗಳು ಇಂಗ್ಲೆಂಡಿಗೆ ಬರುತ್ತಾರೆ. ಅವಳ ಹನ್ನೊಂದನೆಯ ಹುಟ್ಟುಹಬ್ಬದ ದಿನವೇ ಎದುರಿಗೆ ಬಂದು ನಿಲ್ಲುತ್ತಾರೆ. ಬ್ಯಾಂಕಿನಲ್ಲಿ ಮುಖ್ಯ ಲೆಕ್ಕಿಗರಾಗಿದ್ದ ತಂದೆ ಮತ್ತು ಪಿಯಾನೋ ಕಲಿತ ತಾಯಿ ಅನ್ಯರ ಮನೆಯ ಕೆಲಸಕ್ಕೆ, ಅಡುಗೆಗೆ ನಿಂತದ್ದು ಆ ಕಾಗದದ ಫಲ. ಅವರು ಬದುಕಿ ಉಳಿದದ್ದೂ ಅದರದೇ ಫಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ವಿಮರ್ಶೆ ಸಾಮಾನ್ಯವಾಗಿ ಅನುಭವ ಮೊದಲು, ಅಲಂಕಾರ ಆಮೇಲೆ ಎಂದು ಭಾವಿಸುತ್ತದೆ. ಇಂಥ ಕಥನಗಳ ಬಗ್ಗೆ ಬರೆಯುವವರಂತೂ ಅಲಂಕಾರವಿಲ್ಲದ ಭಾಷೆಯೇ ಸತ್ಯದ ಗುರುತೆಂದು ಹೊಗಳುತ್ತಾರೆ. ಸೀಗಲ್ ಅವರ ಬಾಲ್ಯದಲ್ಲಿ ಕ್ರಮ ತಿರುಗುಮುರುಗಾಗಿದೆ. ಅಲಂಕಾರ ಮೊದಲು ಬಂದು ಎರಡು ಜೀವಗಳನ್ನು ಉಳಿಸಿತು. ಉಳಿದ ಬದುಕಿನಲ್ಲಿ ಅನುಭವ ಅದರ ಹಿಂದೆ ಬಂತು. ನಮ್ಮ ಹೆಳವರು ಮನೆಯ ಮುಂದೆ ನಿಂತು ವಂಶಾವಳಿ ಹೇಳುವಾಗ ಕೊಡುವ ಕೈಯನ್ನು ನೋಡಿ ಹೇಳುತ್ತಾರೆಂಬುದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತು. ಅದನ್ನು ನಾವು ಕಪಟವೆನ್ನದೆ ಕಸುಬು ಎನ್ನುತ್ತೇವೆ. ಹತ್ತು ವರ್ಷದ ಮಗುವಿಗೆ ಈ ಕಸುಬು ಒಂದು ವಾರದಲ್ಲಿ ಬಂದುಬಿಟ್ಟಾಗ ಅದರೊಳಗೆ ಏನೋ ಮುರಿಯುತ್ತದೆ. ಹೊರಡುವ ಮುನ್ನ ತಾಯಿ ಕಟ್ಟಿಕೊಟ್ಟಿದ್ದ ಮಾಂಸದ ಸಾಸೇಜನ್ನು ತಿನ್ನಲಾಗದೆ, ಎಸೆಯಲೂ ಆಗದೆ ಹುಡುಗಿ ಬಚ್ಚಿಡುತ್ತಾಳೆ. ಅದು ಕೊಳೆತು ನಾರುತ್ತದೆ. ಹಿಮದ ಗುಲಾಬಿಯನ್ನು ಎಲ್ಲರಿಗೂ ತೋರಿಸಿದಳು; ಕೊಳೆತ ಸಾಸೇಜನ್ನು ಯಾರಿಗೂ ತೋರಿಸಲಿಲ್ಲ. ದೊಡ್ಡವರಾದ ಮೇಲೆ ಬರೆದ ಪುಸ್ತಕದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರು. ಆ ಪುಸ್ತಕದ ದೊಡ್ಡತನ ಬಹುಮಟ್ಟಿಗೆ ಈ ಅಕ್ಕಪಕ್ಕ ಇಡುವಿಕೆಯಲ್ಲಿದೆಯೆಂದು ನನ್ನ ಅಭಿಪ್ರಾಯ.

ಎರಡನೆಯ ಪಾಠ ಲಿವರ್‌ಪೂಲಿನದು. ಆಶ್ರಯ ಕೊಟ್ಟ ಯೆಹೂದಿ ಕುಟುಂಬಕ್ಕೆ ವಿಯೆನ್ನಾದಲ್ಲಿ ನಡೆಯುತ್ತಿರುವುದು ಸರಿಯಾಗಿ ತಿಳಿದಿಲ್ಲವೆಂದು ಹುಡುಗಿಗೆ ಅರಿವಾಗುತ್ತದೆ. ನೇರಳೆ ರಟ್ಟಿನ ಒಂದು ನೋಟ್‌ಬುಕ್ ಪಡೆದು ಅದರ 36 ಪುಟಗಳನ್ನೂ ಜರ್ಮನ್ ಭಾಷೆಯಲ್ಲಿ ತುಂಬಿಸುತ್ತಾಳೆ. ಬರೆದದ್ದನ್ನು ಓದಿಕೊಂಡಾಗ ಮನಸ್ಸಿನಲ್ಲಿದ್ದದ್ದು ಕಾಗದಕ್ಕೆ ಇಳಿದಿಲ್ಲವೆಂದು ಅನ್ನಿಸುತ್ತದೆ. ಮೂರನೆಯ ಪಾಠಕ್ಕೆ ಇನ್ನೂ ಎರಡು ದಶಕ ಕಾಯಬೇಕಾಯಿತು. ನಡುವೆ ಪೀಠೋಪಕರಣ ತಯಾರಕನ ಸಿರಿವಂತ ಮನೆಯಿಂದ ರೈಲ್ವೆ ಕೂಲಿಯ ಮನೆಗೆ, ಹಾಲು ಮಾರುವವನ ಮನೆಗೆ, ಹಳೆಯ ಕಾಲದ ಗೌರವಸ್ಥ ಮಹಿಳೆಯರ ಮನೆಗೆ ಹುಡುಗಿ ಸಾಗುತ್ತಾಳೆ. ಒಂದೊಂದು ಮನೆಯಲ್ಲೂ ಒಂದೊಂದು ಇಂಗ್ಲಿಷು, ಒಂದೊಂದು ಊಟದ ಕ್ರಮ. ತಂದೆ ಯುದ್ಧ ಮುಗಿಯುವ ಹೊತ್ತಿಗೆ ತೀರಿಕೊಳ್ಳುತ್ತಾರೆ. ಲಂಡನ್ನಿನಲ್ಲಿ ಪದವಿ, ಅನಂತರ ಅಜ್ಜ ಅಜ್ಜಿಯರು ನೆಲೆಸಿದ್ದ ಡೊಮಿನಿಕನ್ ಗಣರಾಜ್ಯದಲ್ಲಿ ಮೂರು ವರ್ಷ, 1951ರಲ್ಲಿ ನ್ಯೂಯಾರ್ಕ್. ಅಲ್ಲಿ, ನೀನು ಅಮೆರಿಕಕ್ಕೆ ಬಂದದ್ದು ಹೇಗೆಂದು ಯಾರೋ ಕೇಳಿದಾಗ ಹೇಳತೊಡಗಿದೆ, ಸುತ್ತಲಿನವರು ಸುಮ್ಮನೆ ಕೇಳುತ್ತ ಕುಳಿತರು, ನನಗೊಂದು ಕಥೆಯಿದೆಯೆಂಬುದು ಆಗ ತಿಳಿಯಿತು ಎಂಬರ್ಥದ ಮಾತನ್ನು ಅವರು ಹೇಳಿಕೊಂಡಿದ್ದಾರೆ. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಈ ಬರಹಗಳು 1964ರಲ್ಲಿ ‘ಅದರ್ ಪೀಪಲ್ಸ್ ಹೌಸಸ್’, ಅಂದರೆ ‘ಬೇರೆಯವರ ಮನೆಗಳು’ ಎಂಬ ಪುಸ್ತಕವಾದವು. ಕೇಳುಗ ಬಂದ ಮೇಲೆ ಕಥೆ ಹುಟ್ಟುತ್ತದೆಂಬ ನಮ್ಮ ಶಾಸ್ತ್ರದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಲಿಖಿತ ಸಾಹಿತ್ಯದಲ್ಲಿ ನನಗೆ ಕಂಡಿಲ್ಲ.

ನಾಲ್ಕನೆಯ ಪಾಠವೂ ಉಂಟು. ಈ ಮಕ್ಕಳ ಪ್ರಯಾಣವನ್ನು ಕುರಿತು 2000ದಲ್ಲಿ ಬಂದ ‘ಇನ್‌ಟು ದಿ ಆರ್ಮ್ಸ್ ಆಫ್ ಸ್ಟ್ರೇಂಜರ್ಸ್’ ಸಾಕ್ಷ್ಯಚಿತ್ರದಲ್ಲಿ ಸೀಗಲ್ ಮಾತನಾಡುತ್ತಾರೆ. ಆಗ ತೊಂಬತ್ತು ದಾಟಿದ್ದ ಅವರ ತಾಯಿಯೂ ಮಾತನಾಡುತ್ತಾರೆ. ಮಗಳ ಪುಸ್ತಕದಲ್ಲಿ ಪಾತ್ರವಾಗಿದ್ದವರು ಇಲ್ಲಿ ಸ್ವತಃ ನಿರೂಪಕಿಯಾಗುತ್ತಾರೆ. ಮಗಳಿಗೆ ಅದು ಹೊರಟ ದಿನ, ತಾಯಿಗೆ ಅದು ಕಳಿಸಿದ ದಿನ. ಒಂದೇ ರೈಲು, ಎರಡು ಪಾಠ. ಈ ‘ಇನ್ನೊಬ್ಬ ನಿರೂಪಕ’ನ ವಿಷಯಕ್ಕೆ ಮುಂದೆ ಮರಳಬೇಕಾಗುತ್ತದೆ.

ಪಾಠಾಂತರದ ಪ್ರಜ್ಞೆ ಈ ಪ್ರಕಾರಕ್ಕೆ ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನಾಜಿಗಳ ಕಾಲಕ್ಕೆ ಮೊದಲೇ, ರಷ್ಯನ್ ಸಾಮ್ರಾಜ್ಯದ ಪೊಲೊತ್ಸ್ಕ್ ಪಟ್ಟಣದಿಂದ 1894ರಲ್ಲಿ ಬಾಸ್ಟನ್‌ಗೆ ಬಂದ ಮೇರಿ ಆಂಟಿನ್ ಅವರು 1912ರಲ್ಲಿ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಪ್ರಕಟಿಸಿದರು. ಅಮೆರಿಕವನ್ನು ಕೊಂಡಾಡುವ ಅದರ ಉತ್ಸಾಹ ಇಂದಿನ ಓದುಗರಿಗೆ ಸ್ವಲ್ಪ ಹೆಚ್ಚೇ ಎನಿಸುತ್ತದೆ. ಆದರೆ ಅದರಲ್ಲೊಂದು ಸಣ್ಣ ಪ್ರಸಂಗವಿದೆ. ಬಾಲ್ಯದಲ್ಲಿ ನೆರೆಯ ತೋಟದಲ್ಲಿ ಕಂಡ ಕೆಂಪು ಡೇಲಿಯಾ ಹೂಗಳನ್ನು ಲೇಖಕಿ ನೆನೆಯುತ್ತಾರೆ. ಅವು ಡೇಲಿಯಾ ಆಗಿರಲಿಲ್ಲ, ಗಸಗಸೆಯ ಹೂಗಳಾಗಿದ್ದವು ಎಂದು ಬೇರೆಯವರು ತಿದ್ದುತ್ತಾರೆ. ತಿದ್ದುಪಡಿ ಸರಿಯಿರಬಹುದೆಂದು ಒಪ್ಪಿಕೊಂಡೂ ಅವರು ತಮ್ಮ ಡೇಲಿಯಾಗಳನ್ನು ಬಿಟ್ಟುಕೊಡುವುದಿಲ್ಲ. ಗಸಗಸೆಯನ್ನು ನೆಟ್ಟರೆ ನೆನಪಿನ ಆ ತೋಟವೇ ಉಳಿಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಲೇಖಕಿ ತಮ್ಮ ಪಾಠವನ್ನು ಉಳಿಸಿಕೊಂಡಿದ್ದಾರೆ, ಎದುರು ಪಾಠವನ್ನೂ ದಾಖಲಿಸಿದ್ದಾರೆ. ನಾವು ಸಂಪಾದನೆಯಲ್ಲಿ ಅಡಿಟಿಪ್ಪಣಿಯಾಗಿ ಕೊಡುವುದನ್ನು ಅವರು ಕಥನದ ಒಳಗೇ ತಂದಿದ್ದಾರೆ.

ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ ಈ ಕ್ರಮವನ್ನು ಕೊನೆಯ ಹಂತಕ್ಕೆ ಒಯ್ದರು. ಪೋಲೆಂಡಿನಿಂದ ಬಂದ ಯೆಹೂದಿ ದಂಪತಿಗಳ ಮಗನಾಗಿ 1936ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಅವರ ತಂದೆ 1940ರ ಯುದ್ಧದಲ್ಲಿ ಮಡಿದರು. ತಾಯಿಯನ್ನು 1943ರಲ್ಲಿ ಔಶ್ವಿಟ್ಸ್‌ಗೆ ಸಾಗಿಸಲಾಯಿತು. ಅದಕ್ಕೆ ಮೊದಲು ತಾಯಿ ಮಗನನ್ನು ರೆಡ್‌ಕ್ರಾಸ್ ರೈಲಿನಲ್ಲಿ ಸುರಕ್ಷಿತ ಪ್ರದೇಶಕ್ಕೆ ಕಳಿಸಿದ್ದರು. ಆ ಬೀಳ್ಕೊಡುಗೆಯ ಗಳಿಗೆಯಲ್ಲಿ ತನ್ನ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುಹಾಕಲಾಗಿತ್ತು ಎಂಬುದು ಮಗನ ನೆನಪು. ಹಾಗೇನೂ ಇರಲಿಲ್ಲ, ಇದ್ದದ್ದು ಹರ್ನಿಯಾಕ್ಕೆ ಕಟ್ಟುವ ಪಟ್ಟಿ ಎಂಬುದು ಅತ್ತೆಯ ಸಾಕ್ಷ್ಯ. 1975ರಲ್ಲಿ ಬಂದ ‘ಡಬ್ಲ್ಯು, ಅಥವಾ ಬಾಲ್ಯದ ನೆನಪು’ ಕೃತಿಯಲ್ಲಿ ಪೆರೆಕ್ ಹಿಂದೆಂದೋ ಬರೆದಿದ್ದ ಪುಟಗಳನ್ನು ಹಾಗೆಯೇ ಇಟ್ಟು, ಅವುಗಳ ಒಂದೊಂದು ತಪ್ಪಿಗೂ ಟಿಪ್ಪಣಿ ಹಾಕುತ್ತ ಹೋಗುತ್ತಾರೆ. ತನಗೆ ಬಾಲ್ಯದ ನೆನಪುಗಳೇ ಇಲ್ಲವೆಂದು ಮೊದಲೇ ಹೇಳಿಬಿಡುವ ಈ ಲೇಖಕನ ಕೃತಿಯಲ್ಲಿ ಮುರಿಯದ ಕೈಗೆ ಕಟ್ಟಿದ ಆ ಬಟ್ಟೆ ಸುಳ್ಳೆಂದು ಯಾವ ಓದುಗನಿಗೂ ಅನ್ನಿಸುವುದಿಲ್ಲ. ಎಲ್ಲೋ ನೋವಿತ್ತು, ನೆನಪು ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತಂದು ಕಟ್ಟಿತು.

ವಲಸಿಗ ಅಸ್ಮಿತೆಯ ಪ್ರಶ್ನೆ ಈ ಕಥನಗಳಲ್ಲಿ ಮೊದಲು ಎದ್ದುಬರುವುದು ಹೆಸರಿನಲ್ಲಿ. ಆಂಟಿನ್ ಅವರ ಮನೆಯಲ್ಲಿ ಮರ್ಯಾಶೆ ಎಂಬವಳು ಮೇರಿಯಾಗುತ್ತಾಳೆ, ಅದಕ್ಕೆ ಸಂತೋಷವನ್ನೂ ಪಡುತ್ತಾಳೆ. ನರಮೇಧದಿಂದ ಬದುಕುಳಿದ ದಂಪತಿಗಳ ಮಗಳಾಗಿ 1945ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಟ್ಟಿ, 1959ರಲ್ಲಿ ಹಡಗು ಹತ್ತಿ ಕೆನಡಾದ ವ್ಯಾಂಕೂವರ್ ಸೇರಿದ ಇವಾ ಹಾಫ್‌ಮನ್ ಅವರಲ್ಲಿ ಈ ಸಂತೋಷವಿಲ್ಲ. ಶಾಲೆಯಲ್ಲಿ ಎವಾ ಇದ್ದದ್ದು ಈವಾ, ತಂಗಿ ಅಲೀನಾ ಇದ್ದದ್ದು ಇಲೇನ್ ಆದಾಗ, ತಾವೇ ಸರಿಯಾಗಿ ಉಚ್ಚರಿಸಲಾರದ ಹೆಸರುಗಳನ್ನು ಹೊತ್ತು ಇಬ್ಬರು ಹುಡುಗಿಯರು ಬೆಂಚಿಗೆ ಮರಳುತ್ತಾರೆ. ಅಲೀನಾ ಎಂಬುದು ನಾಜಿಗಳ ಕೈಯಲ್ಲಿ ಸತ್ತ ಚಿಕ್ಕಮ್ಮನ ಹೆಸರು. ಶಿಕ್ಷಕರು ಒಂದು ಗಳಿಗೆಯಲ್ಲಿ ತಿದ್ದಿದ್ದು ಸತ್ತವರೊಬ್ಬರ ಸ್ಮಾರಕವನ್ನು. 1989ರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಶನ್’ ಕೃತಿಯಲ್ಲಿ ಹಾಫ್‌ಮನ್ ಅವರು ‘ನದಿ’ ಎಂಬ ಶಬ್ದದ ಬಗ್ಗೆ ಬರೆಯುವುದು ಭಾಷಾಶಾಸ್ತ್ರದವರೂ ಓದಬೇಕಾದ ಮಾತು. ಪೋಲಿಷ್‌ನಲ್ಲಿ ಆ ಶಬ್ದದೊಳಗೆ ತಾವು ಮುಳುಗಿದ ನದಿಗಳೆಲ್ಲ ಹರಿಯುತ್ತಿದ್ದವು. ಇಂಗ್ಲಿಷಿನ ಶಬ್ದ ಒಣಗಿದೆ, ವಸ್ತುವನ್ನು ತೋರಿಸಿ ಸುಮ್ಮನಾಗುತ್ತದೆ. ಇಂಗ್ಲಿಷಿನಲ್ಲಿ ದಿನಚರಿ ಬರೆಯಲು ಕುಳಿತಾಗ ‘ನಾನು’ ಎಂದು ಬರೆಯಲಾಗದೆ ತನ್ನನ್ನೇ ‘ನೀನು’ ಎಂದು ಕರೆದುಕೊಳ್ಳುತ್ತಾಳೆ ಹುಡುಗಿ.

ಹಾಫ್‌ಮನ್ ತಮ್ಮ ಕೃತಿಯ ಮೊದಲ ಭಾಗಕ್ಕೆ ‘ಸ್ವರ್ಗ’ ಎಂಬರ್ಥದ ಹೆಸರಿಟ್ಟಿದ್ದಾರೆ. ಕನ್ನಡದ ಓದುಗರಿಗೆ ಇಲ್ಲಿ ತವರಿನ ಹಾಡುಗಳು ಕೂಡಲೇ ನೆನಪಾಗುತ್ತವೆ. ಈ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ತವರಿನ ಹಂಬಲ ಎಷ್ಟೇ ತೀವ್ರವಾಗಿದ್ದರೂ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂಬ ನಿರೀಕ್ಷೆ ಆ ಹಾಡುಗಳನ್ನು ನಡೆಸುತ್ತದೆ. ಬಾರದಿದ್ದರೆ ಬಾರಲಿಲ್ಲವೆಂದು ದೂರಲು ಅಣ್ಣನಾದರೂ ಇರುತ್ತಾನೆ. ಹಾಫ್‌ಮನ್ ಅವರ ಕ್ರಾಕೋವ್ ತಂದೆತಾಯಿಗಳ ಬಂಧುಬಳಗವೆಲ್ಲ ಕೊಲೆಯಾದ ನಾಡಿನಲ್ಲಿದ್ದ ಸ್ವರ್ಗ. ಹದಿಮೂರರ ಹುಡುಗಿಗೆ ಅದು ಸ್ವರ್ಗ, ತಾಯಿಗೆ ಅದು ಬಿಟ್ಟು ಬರಬೇಕಾದ ಸ್ಮಶಾನ. ತವರು ಎಂಬ ಶಬ್ದ ಈ ಇಬ್ಬಂದಿಯನ್ನು ಹೊರಲಾರದು.

ಒಬ್ಬರೇ ಲೇಖಕಿ ಒಂದೇ ಬಾಲ್ಯವನ್ನು ಇಬ್ಬರು ಕೇಳುಗರಿಗೆ ಎರಡು ಬಾರಿ ಹೇಳಿದ ನಿದರ್ಶನ ರೂತ್ ಕ್ಲೂಗರ್ ಅವರದು. ವಿಯೆನ್ನಾದಲ್ಲಿ 1931ರಲ್ಲಿ ಹುಟ್ಟಿದ ಅವರು ಟೆರೆಜಿನ್ ಮತ್ತು ಔಶ್ವಿಟ್ಸ್ ಶಿಬಿರಗಳನ್ನು ತಾಯಿಯೊಂದಿಗೆ ಕಂಡು, ಬದುಕುಳಿದು, 1947ರಲ್ಲಿ ನ್ಯೂಯಾರ್ಕ್ ಸೇರಿ, ಮುಂದೆ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕರಾದರು. ಔಶ್ವಿಟ್ಸ್‌ನಲ್ಲಿ ಕೂಲಿಗೆ ಆಳುಗಳನ್ನು ಆರಿಸುವಾಗ, ಅಲ್ಲಿ ಲೆಕ್ಕ ಬರೆಯುತ್ತಿದ್ದ ಕೈದಿ ಯುವತಿಯೊಬ್ಬಳು ಹದಿನೈದು ಎಂದು ಹೇಳು ಎಂದು ಪಿಸುಗುಟ್ಟಿದ್ದರಿಂದ, ಹನ್ನೆರಡರ ಹುಡುಗಿ ತನಗೆ ಹದಿನೈದು ಎಂದಳು. ಆ ಸುಳ್ಳಿನಿಂದ ಉಳಿದಳು. ಈ ಘಟನೆಯನ್ನು ಕ್ಲೂಗರ್ ಅಪರಿಚಿತೆಯೊಬ್ಬಳ ನಿಷ್ಕಾರಣ ಸದ್ಗುಣದ ಸಾಕ್ಷ್ಯವಾಗಿ ಮತ್ತೆ ಮತ್ತೆ ತಿರುವಿ ನೋಡುತ್ತಾರೆ. 1992ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ‘ವೈಟರ್ ಲೇಬನ್’ ಗ್ಯೋಟಿಂಗನ್ ಊರಿನ ಸ್ನೇಹಿತರಿಗೆ ಅರ್ಪಿತವಾದ ಪುಸ್ತಕ. ಕೊಂದವರ ಭಾಷೆಯಲ್ಲಿ, ಕೊಂದವರ ಮಕ್ಕಳೊಂದಿಗೆ ಜಗಳವಾಡುತ್ತ ಮಾತನಾಡುವ ದನಿ ಅದರಲ್ಲಿದೆ. ತಾಯಿಯ ಬಗ್ಗೆ ಅದರಲ್ಲಿ ಕಹಿಯಾದ ಮಾತುಗಳಿವೆ. ಜರ್ಮನ್ ಪುಸ್ತಕ ಕ್ಯಾಲಿಫೋರ್ನಿಯಾದಲ್ಲಿದ್ದ ತಾಯಿಯ ಕೈಗೆ ಬೀಳದೆಂದು ಮಗಳು ನಂಬಿದ್ದರು. ಬಿತ್ತು, ತಾಯಿ ನೊಂದರು. ಇಂಗ್ಲಿಷ್ ಪುಸ್ತಕವನ್ನು ತಾಯಿ ಬದುಕಿರುವವರೆಗೆ ಅವರು ಪ್ರಕಟಿಸಲಿಲ್ಲ. 2001ರಲ್ಲಿ ಬಂದ ‘ಸ್ಟಿಲ್ ಅಲೈವ್’ ಅನುವಾದವಲ್ಲ, ಬೇರೊಂದು ಪಾಠ. ಕೇಳುಗರು ಅಮೆರಿಕನ್ನರಾದ್ದರಿಂದ ವಿವರಣೆಗಳು ಬೇರೆ, ಜಗಳವೂ ಬೇರೆ, ಅರ್ಪಣೆ ತಾಯಿಗೆ. ಎರಡರಲ್ಲಿ ಯಾವುದು ಅಧಿಕೃತವೆಂದು ಕೇಳುವುದು ನಮ್ಮ ಶಾಸ್ತ್ರ ಕೈಬಿಟ್ಟ ಪ್ರಶ್ನೆಯನ್ನೇ ಮತ್ತೆ ಕೇಳಿದಂತೆ.

ಇಷ್ಟರವರೆಗೆ ಪಾಠಾಂತರದ ಪರವಾಗಿ ವಾದಿಸಿದ್ದಾಯಿತು. ಈಗ ಕಷ್ಟದ ಭಾಗ.

1995ರಲ್ಲಿ ಬಿನ್ಯಾಮಿನ್ ವಿಲ್ಕೊಮಿರ್ಸ್ಕಿ ಎಂಬ ಹೆಸರಿನಲ್ಲಿ ಜರ್ಮನ್ ಭಾಷೆಯ ಬಾಲ್ಯಕಥನವೊಂದು ಪ್ರಕಟವಾಯಿತು. ಲಾಟ್ವಿಯಾದಲ್ಲಿ ಹುಟ್ಟಿ, ಯಾತನಾ ಶಿಬಿರಗಳಲ್ಲಿ ಶೈಶವ ಕಳೆದ ಮಗುವಿನ ಒಡಕು ನೆನಪುಗಳೆಂದು ಅದನ್ನು ಓದಲಾಯಿತು. ಹಲವು ಭಾಷೆಗಳಿಗೆ ಅನುವಾದವಾಗಿ, ಪ್ರಶಸ್ತಿಗಳೂ ಬಂದವು. 1998ರಲ್ಲಿ ಸ್ವಿಸ್ ಪತ್ರಕರ್ತ ಡೇನಿಯಲ್ ಗಾಂಜ್‌ಫ್ರೀಡ್ ಇದನ್ನು ಬರೆದವನು ಸ್ವಿಟ್ಜರ್ಲೆಂಡಿನಲ್ಲೇ ಹುಟ್ಟಿದ, ಯೆಹೂದಿಯೂ ಅಲ್ಲದ ವ್ಯಕ್ತಿಯೆಂದು ಬಯಲು ಮಾಡಿದರು. ಇತಿಹಾಸಕಾರ ಸ್ಟೆಫಾನ್ ಮೆಕ್ಲರ್ ಅವರ ತನಿಖೆ ಅದನ್ನು ಸ್ಥಿರಪಡಿಸಿತು. 1999ರಲ್ಲಿ ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು. ಇನ್ನೊಂದು ಪ್ರಕರಣ ಮಿಶಾ ಡಿಫೊನ್ಸೆಕಾ ಅವರದು. ಬಂಧನಕ್ಕೊಳಗಾದ ತಂದೆತಾಯಿಗಳನ್ನು ಹುಡುಕುತ್ತ ಯೂರೋಪನ್ನು ನಡೆದು ದಾಟಿದ ಯೆಹೂದಿ ಬಾಲಕಿಯನ್ನು ತೋಳಗಳು ಸಲಹಿದವೆಂಬುದು 1997ರ ಆ ಪುಸ್ತಕದ ಕಥೆ. ಅದು ಕಟ್ಟುಕಥೆಯೆಂದು 2008ರಲ್ಲಿ ಲೇಖಕಿಯೇ ಒಪ್ಪಿಕೊಂಡರು. ಜಾನಪದದ ವಿದ್ಯಾರ್ಥಿ ಈ ಪುಸ್ತಕವನ್ನು ಮೊದಲ ಓದಿನಲ್ಲೇ ಅನುಮಾನಿಸಬೇಕಿತ್ತು. ಪ್ರಾಣಿ ಸಾಕಿದ ಮಗು ಎಂಬುದು ಆಶಯಸೂಚಿಗಳಲ್ಲಿ ದಾಖಲಾದ ಬಲು ಪ್ರಾಚೀನ ಆಶಯ. ರೋಮ್ ನಗರದ ಸ್ಥಾಪಕರಿಂದ ಹಿಡಿದು ನಮ್ಮ ದೇಶದ ಮಿಡ್ನಾಪುರದ ತೋಳಮಕ್ಕಳೆಂದು 1920ರ ದಶಕದಲ್ಲಿ ಸುದ್ದಿಯಾದ ಹುಡುಗಿಯರವರೆಗೆ ಅದು ಹರಡಿದೆ. ಬದುಕು ಇಷ್ಟು ಅಚ್ಚುಕಟ್ಟಾಗಿ ಸೂಚಿಯ ಒಂದು ಸಂಖ್ಯೆಯೊಳಗೆ ಕೂರುವುದಿಲ್ಲ.

ಆಂಟಿನ್ ಅವರ ಡೇಲಿಯಾಕ್ಕೂ ಡಿಫೊನ್ಸೆಕಾ ಅವರ ತೋಳಕ್ಕೂ ಇರುವ ಅಂತರವೇನು? ಸುಳ್ಳಿನ ಗಾತ್ರವೆಂದರೆ ಸಾಲದು. ಪಾಠಾಂತರವೆನಿಸಿಕೊಳ್ಳಲು ಎದುರಿಗೆ ಇನ್ನೊಂದು ಪಾಠವಿರಬೇಕು. ಆಂಟಿನ್ ಅವರಿಗೆ ಗಸಗಸೆ ಎಂದವರಿದ್ದರು, ಪೆರೆಕ್‌ಗೆ ಅತ್ತೆಯಿದ್ದರು, ಕ್ಲೂಗರ್ ಅವರಿಗೆ ನೊ೦ದ ತಾಯಿ, ಸೀಗಲ್ ಅವರಿಗೆ ಕ್ಯಾಮೆರಾದ ಮುಂದೆ ಕುಳಿತ ತಾಯಿ. ಕಥನ ತನ್ನನ್ನು ಅಲ್ಲಗಳೆಯಬಲ್ಲವರನ್ನು ಒಳಗೆ ಬಿಟ್ಟುಕೊಂಡಿದೆ. ಸುಳ್ಳು ಕಥನಗಳಲ್ಲಿ ಅಂಥವರು ಇಲ್ಲ. ಎಲ್ಲರೂ ಸತ್ತಿದ್ದಾರೆ, ಅಥವಾ ಮಾತು ಬಾರದ ತೋಳಗಳಾಗಿದ್ದಾರೆ.

ಆದರೆ ಈ ಒರೆಗಲ್ಲನ್ನು ಇಲ್ಲಿಗೇ ಬಿಟ್ಟರೆ ದೊಡ್ಡ ಅನ್ಯಾಯವಾಗುತ್ತದೆ. ನರಮೇಧದ ಉದ್ದೇಶವೇ ಸಾಕ್ಷಿ ಹೇಳುವವರು ಉಳಿಯಬಾರದೆಂಬುದಾಗಿತ್ತು. ಇಡೀ ಮನೆತನದಲ್ಲಿ ಒಂದೇ ಮಗು ಉಳಿದಿರುವಲ್ಲಿ ನಿನ್ನ ಮಾತನ್ನು ಅಲ್ಲಗಳೆಯುವವರನ್ನು ಕರೆತಾ ಎನ್ನುವುದು ಕೊಲೆಗಾರನ ಕೆಲಸವನ್ನು ವಿಮರ್ಶಕ ಮುಂದುವರಿಸಿದಂತೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇನ್ನೊಬ್ಬ ನಿರೂಪಕ ಇದ್ದಾನೆಯೆ ಎಂಬುದಕ್ಕಿಂತ, ಆತನ ಖಾಲಿ ಜಾಗವನ್ನು ಕಥನ ಏನು ಮಾಡಿದೆ ಎಂಬುದು. ಪೆರೆಕ್ ಅದನ್ನು ಖಾಲಿಯಾಗಿಯೇ ಉಳಿಸಿದರು. ತಾಯಿಯ ಕೊನೆಯ ಮಾತೇನೆಂದು ಊಹಿಸಿ ತುಂಬಲು ಹೋಗಲಿಲ್ಲ. ವಿಲ್ಕೊಮಿರ್ಸ್ಕಿ ಎಂಬ ಹೆಸರಿನ ಪುಸ್ತಕ ಅದನ್ನು ತುಂಬಿತು, ಓದುಗ ಏನನ್ನು ಕೇಳಲು ಕಾದಿದ್ದನೋ ಅದರಿಂದಲೇ ತುಂಬಿತು. ಹೊಗಳಿದ ವಿಮರ್ಶಕರೂ ಇದರಲ್ಲಿ ಪಾಲುದಾರರು.

ಈ ಇಬ್ಬರು ಸುಳ್ಳು ನಿರೂಪಕರಿಗೂ ನಿಜವಾದ ಬಾಲ್ಯವೊಂದಿತ್ತೆಂಬುದನ್ನು ಮರೆಯಬಾರದು. ಮೊದಲನೆಯವನು ಮದುವೆಯಾಗದ ಬಡ ತಾಯಿಗೆ ಹುಟ್ಟಿ, ಪರರ ಮನೆಗಳಲ್ಲಿ ಬೆಳೆದು, ದತ್ತು ಹೋದವನು. ಎರಡನೆಯವರ ತಂದೆತಾಯಿಗಳನ್ನು ನಾಜಿಗಳು ಬಂಧಿಸಿದ್ದು ನಿಜ. ಅವರು ಬೆಲ್ಜಿಯಂನ ಪ್ರತಿರೋಧ ಚಳವಳಿಯ ಕ್ಯಾಥೊಲಿಕರು. ವಿಚಾರಣೆಯಲ್ಲಿ ತಂದೆ ಬಾಯಿಬಿಟ್ಟನೆಂದು ಮಗಳನ್ನು ದ್ರೋಹಿಯ ಮಗಳೆಂದು ಜರಿದರು. ನಮ್ಮ ಆಡುಮಾತಿನ ಅರ್ಥದಲ್ಲಿ ಇಬ್ಬರೂ ಪರದೇಶಿಗಳೇ. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಕಥೆಯೊಂದರಲ್ಲಿ ಹೆಂಗಸೊಬ್ಬಳು ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಾಗ ಅವು ಹೊರಬಿದ್ದು ಗಂಡಸಿನ ಜೋಡು ಮತ್ತು ಅಂಗಿಯಾಗಿ ಮನೆಯಲ್ಲಿ ಜಗಳ ಹುಟ್ಟಿಸುತ್ತವೆ. ಕೇಳುವವರಿಲ್ಲದ ತಮ್ಮ ಕಥೆಗೆ ಈ ಇಬ್ಬರು ಕೇಳುಗರಿರುವ ಕಥೆಯ ಅಂಗಿ ತೊಡಿಸಿದರು. ಇದರಿಂದ ಅವರ ಅಪರಾಧ ಕಡಿಮೆಯಾಗುವುದಿಲ್ಲ. ಸತ್ತವರ ಅಂಗಿಯನ್ನು ಕದ್ದದ್ದು ಕದ್ದದ್ದೇ.

ಕನ್ನಡಕ್ಕೆ ಈ ವಸ್ತು ತೀರ ದೂರದ್ದಲ್ಲ. ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು 1935-36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳಿದ್ದರು. ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅವರು ಕಟ್ಟಿಸಿದ ಕಟ್ಟಡಗಳ ನೆರಳಲ್ಲಿ ಓಡಾಡುವ ಬೆಂಗಳೂರಿಗರಿಗೆ ಅವರೊಬ್ಬ ನಿರಾಶ್ರಿತರೆಂಬುದು ಬಹುಶಃ ತಿಳಿದಿಲ್ಲ. ನೇಮಿಚಂದ್ರ ಅವರ ‘ಯಾದ್ ವಶೇಮ್’ (2007) ಕಾದಂಬರಿ ಈ ಕಾಲವನ್ನೇ ಹಿನ್ನೆಲೆಯಾಗಿಸಿಕೊಂಡು, ತಂದೆಯೊಂದಿಗೆ ಬೆಂಗಳೂರಿಗೆ ಬಂದ ಯೆಹೂದಿ ಹುಡುಗಿಯೊಬ್ಬಳು ನೆರೆಮನೆಯವರ ಆಸರೆಯಲ್ಲಿ ಬೆಳೆದು, ಮುಂದೆ ತನ್ನವರನ್ನು ಅರಸಿ ಹೊರಡುವ ಕಥೆಯನ್ನು ಹೇಳುತ್ತದೆ. ಹುಡುಗಿಯ ಬಾಯಲ್ಲಿ ಕಥೆ ಹೇಳಿಸಿಯೂ ಲೇಖಕಿ ಅದನ್ನು ಕಾದಂಬರಿಯೆಂದೇ ಕರೆದರು. ವಿಲ್ಕೊಮಿರ್ಸ್ಕಿ ಪ್ರಕರಣವನ್ನು ಬಲ್ಲವರಿಗೆ ಮುಖಪುಟದ ಆ ಒಂದು ಶಬ್ದದ ಬೆಲೆ ತಿಳಿಯುತ್ತದೆ.

ಸೀಗಲ್ ಅವರೂ ತಮ್ಮ ಪುಸ್ತಕವನ್ನು ಕಾದಂಬರಿಯೆಂದೇ ಕರೆದರು. ಅದರಲ್ಲಿನ ರೈಲು, ಶಿಬಿರ, ಮನೆಗಳು, ಸಾವುಗಳು ಎಲ್ಲವೂ ಅವರ ಬದುಕಿನವೇ. ಆದರೂ ನೆನಪಿಗೂ ಕಲ್ಪನೆಗೂ ನಡುವಿನ ಗೆರೆಯನ್ನು ತಾವು ಎಳೆಯಲಾರೆವೆಂಬುದು ಅವರ ನಿಲುವಾಗಿತ್ತು. ಓದುಗರು ಮಾತ್ರ ಅದನ್ನು ಆತ್ಮಕಥೆಯೆಂದೇ ಓದುತ್ತ ಬಂದರು. 2024ರ ಅಕ್ಟೋಬರಿನಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹಿಮದ ಗುಲಾಬಿಯಿಂದ ತಂದೆತಾಯಿಗಳನ್ನು ಕರೆಸಿಕೊಂಡ ಹುಡುಗಿಗೆ ತನ್ನ ಕೈಚಳಕದ ಬಗ್ಗೆ ಕೊನೆಯವರೆಗೂ ಇದ್ದ ಎಚ್ಚರ ಆ ಶಬ್ದದಲ್ಲಿದೆ. ಮುಂದೆ ಯಾರಾದರೂ ಆ ಪುಸ್ತಕವನ್ನು ಕನ್ನಡಕ್ಕೆ ತರುವುದಾದರೆ, ಮಾರಾಟಕ್ಕೆ ಅನುಕೂಲವೆಂದು ರಕ್ಷಾಪುಟದ ಮೇಲೆ ‘ಆತ್ಮಕಥೆ’ ಎಂದು ಅಚ್ಚುಹಾಕದೆ, ಅವರಿಟ್ಟ ಶಬ್ದವನ್ನೇ ಇಡಬೇಕು.